ರೇಡಿಯೋಗೆ ಬೇಡವಾದ ಏಮಸ್

ಹಿಲ್ಡಾ ಆರ್ಮರಾಡ್ ನಕ್ಕಿದ್ದನ್ನು ನೋಡಿದವರು ಮ್ಯಾಂಚೆಸ್ಟರ್ ಕಡೆಯ ಕಣಿವೆಯಲ್ಲಿರುವ ನಮ್ಮ ಥಾರ್ನ್‌ಶಾ ಊರಿನಲ್ಲಿ ಕಡಿಮೆ. ಅವಳಿಗೆ ನಗು ಬರುತ್ತಿರಲಿಲ್ಲ ಅಂತಲ್ಲ. ಗಿರಾಕಿಯ ಮುಂದೆ ನಕ್ಕರೆ ಅವನು ಸಲಿಗೆ ತೆಗೆದುಕೊಂಡು ಇನ್ನೊಂದು ಹಿಡಿ ಚಿಪ್ಸ್ ಕೇಳುತ್ತಾನೆ ಎಂಬುದು ಅವಳ ಲೆಕ್ಕಾಚಾರ. ಹತ್ತಿಗಿರಣಿಯ ಧೂಳು ಸಾಕಾಗಿ ಕೆಲಸ ಬಿಟ್ಟ ಮೇಲೆ ನಾನು ಅವಳ ಕರಿದ ಮೀನಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಸೇರಿದೆ. ಅವಳು ಬಾಣಲೆಯ ಮುಂದೆ, ನಾನು ಹಳೇ ಪೇಪರಿನ ರಾಶಿಯ ಹಿಂದೆ. ನಮ್ಮಿಬ್ಬರ ಜಗಳ ಕೇಳುವುದಕ್ಕೆಂದೇ ಶುಕ್ರವಾರ ಸಂಜೆ ಕೆಲವರು ಬರುತ್ತಿದ್ದರು ಎಂದು ನನಗೆ ಈಗಲೂ ಗುಮಾನಿ.

ಅಂಗಡಿ ಅವಳ ಗಂಡ ಏಮಸನದು. ಬಾಗಿಲ ಮೇಲಿನ ಹಸಿರು ಹಲಗೆಯಲ್ಲಿ ತನ್ನ ಹೆಸರನ್ನು ಅವನೇ ಬಿಳಿ ಬಣ್ಣದಲ್ಲಿ ಬರೆದುಕೊಂಡಿದ್ದ. ಹೆಂಡತಿ ಬೆಂಕಿಯಾದರೆ ಗಂಡ ಬೆಣ್ಣೆ. ಬಾಣಲೆಯಲ್ಲಿ ತೇಲುವ ಕರಿದ ಹಿಟ್ಟಿನ ಚೂರುಗಳನ್ನು ಸೋಸಿ, ಉಪ್ಪು ಉದುರಿಸಿ, ಬೀದಿಯ ಮಕ್ಕಳಿಗೆಲ್ಲ ಪುಕ್ಕಟೆ ಹಂಚುತ್ತಿದ್ದ. ಹಿಲ್ಡಾ ಬೈಯುತ್ತಿದ್ದಳು, ಅವನು ಹಂಚುತ್ತಿದ್ದ. ಅರವತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಕೆಮ್ಮು ಹತ್ತಿ ಅದು ಎದೆಗೆ ಇಳಿದು ಏಮಸ್ ತೀರಿಕೊಂಡ. ಮಣ್ಣು ಮಾಡಿ ಬಂದ ಮರುದಿನವೇ ಹಿಲ್ಡಾ ಒಲೆ ಹಚ್ಚಿದಳು. ಊರವರು ಮೂಗಿನ ಮೇಲೆ ಬೆರಳಿಟ್ಟರು. ಮನೆಯಲ್ಲಿ ಕೂತರೆ ಅವಳು ಉಳಿಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಆ ಮಕ್ಕಳಲ್ಲಿ ಒಬ್ಬ ಕ್ಲಿಫರ್ಡ್ ಎಂಟ್ವಿಸಲ್. ಏಮಸನ ಹಿಟ್ಟಿನ ಚೂರು ತಿಂದೇ ಬೆಳೆದವನು. ದೊಡ್ಡವನಾಗಿ ಗಿರಣಿ ಸೇರಿದ, ಗಿಟಾರ್ ಕೊಂಡ, ಕೂದಲು ಕಿವಿ ಮುಚ್ಚುವಷ್ಟು ಬಿಟ್ಟ. ಜೊತೆಯ ಮೂವರನ್ನು ಕಟ್ಟಿಕೊಂಡು ಗಿರಣಿಯ ನೂಲುಸುರುಳಿಯ ಹೆಸರಿನಲ್ಲಿ 'ಬಾಬಿನ್ಸ್' ಅಂತ ಹಾಡಿನ ತಂಡ ಮಾಡಿದ. ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಗಿಟಾರ್ ಹಿಡಿದು ಬಂದು ನಿಂತ.

"ಹಿಲ್ಡಾ ಆಂಟಿ, ಒಂದು ಹಾಡು ಕಟ್ಟಿದೀನಿ. ನೀವೇ ಮೊದಲು ಕೇಳ್ಬೇಕು."

"ಮೊದ್ಲು ಕೂದ್ಲು ಕತ್ತರಿಸ್ಕೊಂಡ್ ಬಾ. ಕುರಿ ಬಂತು ಅಂತ ನಾಯಿ ಬೊಗಳ್ತಿದೆ," ಅಂದಳು ಹಿಲ್ಡಾ.

ಅವನು ಹಾಡಿದ. ಶುಕ್ರವಾರ ಸಂಜೆ ಮೀನಿಗಾಗಿ ಸಾಲಿನಲ್ಲಿ ನಿಂತ ಹುಡುಗ, ಅವನ ಹಿಂದೆ ಬಂದು ನಿಂತ ಹುಡುಗಿ. 'ಏಮಸನ ಅಂಗಡಿ, ಏಮಸನ ಅಂಗಡಿ, ಸಾಲು ಮುಂದೆ ಸಾಗದೆ ಇರಲಿ' ಎಂದು ಪಲ್ಲವಿ. ಅಷ್ಟೇ ಹಾಡು. ಹಿಲ್ಡಾ ಆಲೂಗಡ್ಡೆ ತರುತ್ತೇನೆಂದು ಹಿತ್ತಲಿಗೆ ಹೋದಳು. ಆಲೂಗಡ್ಡೆಯ ಚೀಲ ನನ್ನ ಕಾಲ ಬಳಿಯೇ ಇತ್ತು. ಬಹಳ ಹೊತ್ತಿನ ಮೇಲೆ ಕೆಂಪು ಮೂಗಿನೊಂದಿಗೆ ಬಂದು, "ಪರವಾಗಿಲ್ಲ," ಅಂದಳು.

ಬಾಬಿನ್ಸ್ ಹುಡುಗರು ಅದನ್ನು ಊರಿನ ಕುಣಿತದ ಹಾಲ್‌ನಲ್ಲಿ ಹಾಡಿದರು. ಊರಿಗೆ ಊರೇ ಗುನುಗತೊಡಗಿತು. ಮ್ಯಾಂಚೆಸ್ಟರಿನ ಯಾರೋ ಬಂದು ಕೇಳಿ ರೆಕಾರ್ಡ್ ಮಾಡಿಸಿದರು. ಇನ್ನು ಲಂಡನ್ನಿನ ರೇಡಿಯೋದಲ್ಲಿ ಬರುವುದೊಂದೇ ಬಾಕಿ ಎಂದಾಯಿತು. ಹಿಲ್ಡಾ ವಿನಿಗರ್ ಬಾಟಲಿಗಳ ಮೇಲಿನ ಹಲಗೆಯಿಂದ ರೇಡಿಯೋ ಇಳಿಸಿ, ಜಿಡ್ಡು ಒರೆಸಿ, ರಿಪೇರಿಗೆ ಕೊಟ್ಟು ತಂದಳು. ಒಂದು ದಿನ ಪಾತ್ರೆ ಉಜ್ಜುತ್ತಾ ತಾನಾಗಿಯೇ ಹೇಳಿದಳು.

"ಮಕ್ಕಳಿಲ್ಲ ಮರಿಯಿಲ್ಲ ಎಡ್ನಾ. ನಾನು ಕಣ್ಮುಚ್ಚಿದ್ ಮೇಲೆ ಏಮಸ್ ಅನ್ನೋರ್ಯಾರು ಹೇಳು? ಒಂದೇ ಒಂದ್ಸಲ ರೇಡಿಯೋದಲ್ಲಿ ಅವರ ಹೆಸರು ಬರ್ಲಿ, ಸಾಕು. ದೇಶಕ್ಕೆಲ್ಲ ಕೇಳಿಸ್ತದಲ್ಲ."

ನನಗೆ ಅಳು ಬಂದರೆ ಸಿಟ್ಟೂ ಬರುತ್ತದೆ. "ಪಾತ್ರೆ ತಳ ತೂತಾಗತ್ತೆ, ಉಜ್ಜಿದ್ದು ಸಾಕು," ಎಂದು ಗದರಿದೆ.

ಶುಕ್ರವಾರ ಸಂಜೆಯ ಸಾಲು ಬಾಗಿಲ ಹೊರಗೂ ಚಾಚಿಕೊಂಡಿದ್ದಾಗ ಕ್ಲಿಫರ್ಡ್ ಮುಖ ಇಳಿಸಿಕೊಂಡು ಒಳಗೆ ಬಂದ.

"ಆಗಲ್ವಂತೆ ಆಂಟಿ. ಅಂಗಡಿ ಹೆಸರಿದ್ರೆ ಅದು ಜಾಹೀರಾತಂತೆ. ರೇಡಿಯೋದಲ್ಲಿ ಜಾಹೀರಾತು ಕೂಡದಂತೆ. 'ಮೂಲೆ ಅಂಗಡಿ' ಅಂತ ಬದಲಾಯ್ಸಿ ಹಾಡಿದ್ರೆ ಹಾಕ್ತಾರಂತೆ."

"ಜಾಹೀರಾತಾ?" ಹಿಲ್ಡಾಳ ಜಾಲರಿ ಸೌಟು ಗಾಳಿಯಲ್ಲೇ ನಿಂತಿತು. "ಲಂಡನ್ನಿಂದ ಜನ ಮೀನು ತಿನ್ನೋಕೆ ರೈಲು ಹತ್ಕೊಂಡ್ ಬರ್ತಾರಾ ಇಲ್ಲಿಗೆ?"

"ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅಂದ್ರೆ ಇದೇ ನೋಡಿ," ಅಂದ ಸಾಲಿನಲ್ಲಿದ್ದ ಹಾರಲ್ಡ್ ಕ್ಲೆಗ್. ಇವನು ಗಿರಣಿಯ ಯೂನಿಯನ್ ಮುಖಂಡ. ಮೀನಿಗಿಂತ ಭಾಷಣಕ್ಕೆ ಹೆಚ್ಚು ಹಸಿದವನು. "ಮುಷ್ಕರ ಮಾಡೋಣ. ಊರಲ್ಲಿ ಯಾರೂ ರೇಡಿಯೋ ಹಾಕೋದು ಬೇಡ."

"ನೀನು ಮೊದ್ಲು ಮುಂದಕ್ಕೆ ಸರಿ, ನಿನ್ ಹಿಂದೆ ಇರೋರ ಮೀನು ಆರ್ತಿದೆ," ಅಂದೆ ನಾನು.

ಕಡಲಿನಲ್ಲಿ ಹಡಗು ನಿಲ್ಲಿಸಿಕೊಂಡು ಕದ್ದು ಹಾಡು ಬಿತ್ತರಿಸುವವರು ಆಗ ಇದ್ದರು. ಅವರು ಹೆಸರು ಸಮೇತ ಹಾಕುತ್ತಾರೆ ಎಂದು ಕ್ಲಿಫರ್ಡ್ ಆಸೆ ತೋರಿಸಿದ. ಹಿಲ್ಡಾ ಒಪ್ಪಲಿಲ್ಲ. ಪ್ರತಿ ಭಾನುವಾರ ಪ್ರಾರ್ಥನಾ ಮಂದಿರದ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಏಮಸನ ಹೆಸರು ಕಳ್ಳ ಹಡಗಿನಿಂದ ಬರಬೇಕೇ ಎಂದಳು. ಶಂಖದಿಂದ ಬಂದರೇ ತೀರ್ಥ.

ಆಮೇಲೆ ಅವಳು ಮಾಡಿದ್ದು ನಮ್ಮ ಕಣಿವೆಯ ಹೆಂಗಸರು ಮಾತ್ರ ಮಾಡುವಂಥದ್ದು. ಸೋಮವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಏಣಿಯ ಮೇಲೆ ನಿಂತಿದ್ದಳು. ಸುತ್ತಿಗೆಯಿಂದ ಮೊಳೆ ಕಿತ್ತು ಏಮಸನ ಹಲಗೆಯನ್ನು ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಗೋಡೆಗೆ ಮುಖ ಮಾಡಿ ಇಟ್ಟಳು.

"ಬುದ್ಧಿ ಗಿದ್ದಿ ಕೆಟ್ಟಿದೆಯೇನೇ ನಿಂಗೆ?"

"ಅಂಗಡಿ ಹೆಸರು ಅಂತ ತಾನೇ ಅವರ ತಕರಾರು? ಈಗ ಆ ಹೆಸರಿನ ಅಂಗಡೀನೇ ಇಲ್ಲ. ಕೋಟು ಹಾಕ್ಕೋ, ಫೋನ್ ಮಾಡೋಣ."

ಬೀದಿ ಕೊನೆಯ ಕೆಂಪು ಫೋನ್ ಗೂಡಿನಲ್ಲಿ ಒಬ್ಬರು ನಿಂತರೆ ಹೆಚ್ಚು. ನಾವಿಬ್ಬರೂ ತುಂಬಿದ ಮೈಯವರು, ಹೇಗೋ ತುರುಕಿಕೊಂಡೆವು. ಹಾಡುಗಳನ್ನು ಪರಿಶೀಲಿಸುವ ಸಾಹೇಬರ ನಂಬರನ್ನು ಕ್ಲಿಫರ್ಡನಿಂದ ಇಸಿದುಕೊಂಡಿದ್ದಳು. ಯಾರು ಯಾರನ್ನೋ ದಾಟಿ ಕೊನೆಗೆ ಅವರು ಸಿಕ್ಕರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾದ ಮಾತು.

"ಮೇಡಂ, ನಾವು ಯಾವ ಅಂಗಡಿಯ ಹೆಸರನ್ನೂ ಪ್ರಸಾರ ಮಾಡುವ ಹಾಗಿಲ್ಲ."

"ಅಂಗಡಿ ಇಲ್ಲ ಅಂತಿದೀನಲ್ರೀ! ಬೋರ್ಡು ನಾನೇ ಇಳಿಸಿದೀನಿ. ನಂಬಿಕೆ ಇಲ್ದಿದ್ರೆ ಬಂದ್ ನೋಡಿ, ಊಟಾನೂ ಹಾಕ್ತೀನಿ."

"ಹಾಗಾದರೆ ಏಮಸ್ ಅವರು ವ್ಯಾಪಾರ ಬಿಟ್ಟರೇ?"

"ಬಿಡ್ದೆ ಏನ್ಮಾಡ್ತಾರೆ? ಸತ್ತೇ ಹೋದ್ರಲ್ಲ!"

ಸಾಹೇಬರು ಇನ್ನಷ್ಟು ನಯವಾದರು.

"ನಿಜಕ್ಕೂ ಬೇಸರವಾಯಿತು ಮೇಡಂ. ಆದರೆ ಹಾಡಿನಲ್ಲಿರುವವರು ತೀರಿಕೊಂಡಿದ್ದಾರೆ ಅಂದರೆ ಅದು ಇನ್ನೊಂದು ತೊಂದರೆ. ಸಾವಿನ ಹಾಡುಗಳನ್ನು ನಾವು ಹಾಕುತ್ತಿಲ್ಲ. ಕೇಳುಗರ ಮನಸ್ಸಿಗೆ ನೋವಾಗುತ್ತದೆ."

"ಕೇಳೋರ ಮನಸ್ಸಾ? ನನ್ನ ಮನಸ್ಸು ಯಾರು ಕೇಳ್ತಾರ್ರೀ?"

ಅಷ್ಟರಲ್ಲಿ ಹಾಕಿದ್ದ ನಾಣ್ಯ ಮುಗಿದು ಫೋನ್ ಕುಂಯ್‌ಗುಟ್ಟಿ ಸುಮ್ಮನಾಯಿತು. ಆ ಕಾಲದ ಹಾಡುಗಳಲ್ಲಿ ಹುಡುಗರು ಮೋಟಾರ್‌ಬೈಕಿನಿಂದ ಬಿದ್ದು ಸಾಯುವುದು, ಹುಡುಗಿಯರು ಗೋಳಾಡುವುದು ವಿಪರೀತವಾಗಿತ್ತು, ಲಂಡನ್ನಿನವರಿಗೆ ಸಾಕುಸಾಕಾಗಿತ್ತು. ನಮ್ಮ ಏಮಸ್ ಸತ್ತದ್ದು ಕೆಮ್ಮಿನಿಂದ ಎಂದು ಅವರಿಗೆ ಹೇಳುವವರು ಯಾರು? ಹೋಗುವಾಗ ಹಾಡಿನ ಮೇಲೆ ಒಂದೇ ಆರೋಪ ಇತ್ತು, ಗೂಡಿನಿಂದ ಹೊರಗೆ ಬರುವಾಗ ಎರಡಾಗಿತ್ತು.

ಕ್ಲಿಫರ್ಡ್ ಹಟ ಹಿಡಿದ. "ನಾನು ಬದಲಾಯ್ಸಲ್ಲ ಆಂಟಿ. ಹಾಕಿದ್ರೆ ಏಮಸ್ ಅಂತ್ಲೇ ಹಾಕ್ಲಿ, ಇಲ್ದಿದ್ರೆ ಬೇಡ."

"ಏನೋ ದೊಡ್ಡ ಮನುಷ್ಯ!" ಹಿಲ್ಡಾ ಕೌಂಟರಿನ ಆಚೆಗೆ ಬಂದು ಅವನ ಕಾಲರ್ ಹಿಡಿದಳು. "ಮಗ್ಗದ ಸದ್ದಿಗೆ ನಿಮ್ಮಮ್ಮನ ಕಿವಿ ಹೋಯ್ತು. ನಿಂದೂ ಹೋಗ್ಬೇಕಾ? ಒಂದು ದಾರಿ ತೆರೆದಿದೆ, ಹೋಗು. ಮೂಲೆ ಅಂಗಡಿ ಅಂತ್ಲೇ ಹಾಡು. ಅವರಿದ್ದಿದ್ರೂ ಇದನ್ನೇ ಹೇಳಿರೋರು."

ಹುಡುಗ ಅಲ್ಲೇ ಅತ್ತುಬಿಟ್ಟ. ಅವಳು ಕಾಲರ್ ಬಿಟ್ಟು, ಬೈಯುತ್ತಲೇ ಅವನಿಗೊಂದು ಪೊಟ್ಟಣ ಕಟ್ಟಿಕೊಟ್ಟಳು.

ಹಾಡು ರೇಡಿಯೋದಲ್ಲಿ ಬಂತು. 'ಮೂಲೆ ಅಂಗಡಿ, ಮೂಲೆ ಅಂಗಡಿ' ಎಂದು ಕ್ಲಿಫರ್ಡನ ಗಂಟಲು ಚೆನ್ನಾಗಿಯೇ ಹಾಡಿತು. ಹಿಲ್ಡಾ ಕೊನೆಯವರೆಗೂ ನಿಂತು ಕೇಳಿ, "ಚೆನ್ನಾಗಿದೆ," ಎಂದು ಒಬ್ಬ ಗಿರಾಕಿಗೆ ಸೀದುಹೋದ ಮೀನು ಕೊಟ್ಟಳು. ಅವನು ದುಡ್ಡು ಕೊಟ್ಟು ಅದನ್ನೇ ತೆಗೆದುಕೊಂಡು ಹೋದ. ಬೋರ್ಡನ್ನಾದರೂ ಮತ್ತೆ ಹಾಕು ಎಂದು ನಾನು ಬೇಡಿಕೊಂಡೆ. ಆ ಹೆಸರಿನ ಅಂಗಡಿ ಇಲ್ಲ ಎಂದು ಲಂಡನ್ನಿಗೆ ಮಾತು ಕೊಟ್ಟಾಗಿದೆ, ಈಗ ಹಾಕಿದರೆ ಸುಳ್ಳು ಹೇಳಿದಂತಾಗುತ್ತದೆ ಎಂದಳು. ಗಾಳಿಯಲ್ಲೂ ಇಲ್ಲ, ಗೋಡೆಯಲ್ಲೂ ಇಲ್ಲ ಎಂಬಂತಾಯಿತು ಏಮಸನ ಹೆಸರು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳನ್ನು ನಾನು ಎಷ್ಟು ಹಚ್ಚಿಕೊಂಡಿದ್ದೇನೆ ಎಂದು ತಿಳಿದದ್ದೂ ಆಗಲೇ.

ಜನವರಿಯಲ್ಲಿ ನಮ್ಮೂರಿನ ಫುಟ್‌ಬಾಲ್ ತಂಡಕ್ಕೆ ಅದೃಷ್ಟ ಖುಲಾಯಿಸಿತು. ಕಪ್ ಪಂದ್ಯಾವಳಿಯಲ್ಲಿ ಲಂಡನ್ನಿನ ದೊಡ್ಡ ತಂಡವೊಂದು ನಮ್ಮ ಮೈದಾನಕ್ಕೇ ಬಂದು ಆಡಬೇಕೆಂದು ಚೀಟಿ ಎತ್ತಿದವರು ಹೇಳಿದರು. ಪಂದ್ಯದ ಎರಡನೇ ಅರ್ಧವನ್ನು ರೇಡಿಯೋದಲ್ಲಿ ವಿವರಿಸಲು ಲಂಡನ್ನಿನಿಂದಲೇ ವೀಕ್ಷಕ ವಿವರಣೆಗಾರ ಬಂದ. ಆ ಶನಿವಾರ ಊರು ಬಿಕೋ ಎನ್ನುತ್ತಿತ್ತು. ಹಸುಗೂಸುಗಳೂ ಮೈದಾನದಲ್ಲಿದ್ದವು. ನಾವಿಬ್ಬರು ಮಾತ್ರ ಅಂಗಡಿಯಲ್ಲಿ, ಪಂದ್ಯ ಬಿಟ್ಟ ಮೇಲೆ ನುಗ್ಗುವ ಜನಕ್ಕೆಂದು ಆಲೂಗಡ್ಡೆ ಹೆಚ್ಚುತ್ತಿದ್ದೆವು. ರೇಡಿಯೋ ತನ್ನಷ್ಟಕ್ಕೆ ಕೂಗುತ್ತಿತ್ತು.

ನಮ್ಮವರು ಒಂದು ಗೋಲು ಹೊಡೆದರು. ವಿವರಣೆಗಾರನ ದನಿ ಜನರ ಗದ್ದಲದಲ್ಲಿ ಮುಳುಗಿಹೋಯಿತು. ಗದ್ದಲ ಸ್ವಲ್ಪ ಸ್ವಲ್ಪವಾಗಿ ರಾಗ ಹಿಡಿಯಿತು. ನಿಂತು ನೋಡುವವರ ಕಟ್ಟೆಯಿಂದ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಒಟ್ಟಾಗಿ ಹಾಡುತ್ತಿದ್ದರು. ಕುಣಿತದ ಹಾಲ್‌ನಲ್ಲಿ ಮೊದಲು ಕಲಿತ ಹಾಗೇ, ಒಂದಕ್ಷರ ಬದಲಿಸದೆ. ಏಮಸನ ಅಂಗಡಿ, ಏಮಸನ ಅಂಗಡಿ.

ಹಿಲ್ಡಾಳ ಕೈಯ ಚಾಕು ನಿಂತಿತು.

ಹಾಡು ನಿಲ್ಲಲಿಲ್ಲ. ವಿವರಣೆಗಾರನಿಗೆ ಅದರ ಬಗ್ಗೆ ಮಾತಾಡದೆ ದಾರಿ ಇರಲಿಲ್ಲ.

"ಕೇಳುಗರೇ, ಜನ ಹುಚ್ಚೆದ್ದು ಹಾಡುತ್ತಿದ್ದಾರೆ. ಏಮಸ್, ಏಮಸ್ ಅನ್ನುತ್ತಿದ್ದಾರೆ. ಇಂದಿನ ತಂಡದಲ್ಲಿ ಏಮಸ್ ಎಂಬ ಹೆಸರಿನವರು ಯಾರೂ ಇಲ್ಲ. ಈ ಊರು ಮರೆಯಲಾರದ ಹಳೆಯ ಆಟಗಾರ ಇರಬೇಕು. ಏಮಸ್!"

ನಾನು ಓಡಿಹೋಗಿ ಬಾಗಿಲು ತೆಗೆದೆ. ತಣ್ಣನೆ ಗಾಳಿಯ ಜೊತೆ ಬೀದಿಯ ಆಚೆಯ ಮೈದಾನದಿಂದಲೂ ಅದೇ ಹಾಡು ಒಳಗೆ ಬಂತು. ತಿರುಗಿ ನೋಡಿದರೆ ಹಿಲ್ಡಾ ಆಲೂಗಡ್ಡೆ ಚೀಲದ ಮೇಲೆ ಕುಸಿದು ಕೂತಿದ್ದಳು. ಅಳುತ್ತಿದ್ದಳು, ಜೊತೆಗೆ ಬಾಯಿ ತುಂಬ ನಗುತ್ತಿದ್ದಳು. ನಾನು ಪಕ್ಕ ಕೂತು ಅವಳ ಒದ್ದೆ ಕೈ ಹಿಡಿದುಕೊಂಡೆ.

"ಆಟಗಾರನಂತೆ ಕಣೇ ಎಡ್ನಾ," ಅಂದಳು. "ಜನ್ಮದಲ್ಲಿ ಒಂದಿನಾನೂ ಮ್ಯಾಚಿಗೆ ಹೋದೋರಲ್ಲ. ಶನಿವಾರ ಬಂತು ಅಂದ್ರೆ ಇದೇ ಚೀಲದ್ ಮೇಲೆ ಕೂತು ಆಲೂಗಡ್ಡೆ ಸುಲಿಯೋರು. ಹೊರಗೆ ಜನ ಕೂಗಿದ್ರೆ, 'ಗೋಲಾಯ್ತು ಹಿಲ್ಡಾ' ಅನ್ನೋರು."