ಅಣವೀರಪ್ಪನ ತಾಳಕ್ಕೆ ಎರಡು ಡಬ್ಬಿ

ಭಜನೆಗೆ ನಾನು ಹೋಗುವುದು ಪ್ರಸಾದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದೆ ನಾನು ತಾಳದ ಬಗ್ಗೆ ಮಾತಾಡುವಾಗ ನಿಮಗೆ ನನ್ನ ಮೇಲೆ ಸುಮ್ಮನೆ ಗೌರವ ಬಂದೀತು. ನನ್ನ ಹೆಸರು ರಮಾನಾಥ ಶೆಟ್ಟಿ, ಊರು ಉಡುಪಿ ಕಡೆ. ಪರೇಲಿನ ಹೋಟೆಲೊಂದರ ಗಲ್ಲಾದಲ್ಲಿ ಕೂತು ಕೂತು ಸೊಂಟ ಹೋದ ಮೇಲೆ ಸಯನ್ನಿನ ಮನೆಯಲ್ಲಿ ಹೆಂಡತಿ ವಾರಿಜಾಳ ಕೈಯಲ್ಲಿ ಬೈಸಿಕೊಂಡು ಇದ್ದೇನೆ. ನಮ್ಮ ನೆತ್ತಿಯ ಮೇಲಿನ ಮನೆಯೇ ಅಣವೀರಪ್ಪನದು. ವಿಜಯಪುರದ ಕಡೆಯ ಆಸಾಮಿ, ಆಸ್ಪತ್ರೆಯೊಂದರ ಸ್ಟೋರಿನಲ್ಲಿ ನೌಕರಿ ಮುಗಿಸಿದವನು.

ನೌಕರಿ ಹೊಟ್ಟೆಪಾಡಿಗೆ. ಅಣವೀರಪ್ಪನ ನಿಜವಾದ ಹುದ್ದೆ ಬೇರೆ. ಧಾರಾವಿಯ ಚಾಳೊಂದರಲ್ಲಿ ಪ್ರತಿ ಸೋಮವಾರ ಸಂಜೆ ನಡೆಯುವ ಭಜನೆಯಲ್ಲಿ ತಾಳ ಹಿಡಿಯುವವನು ಅವನು. ಆ ಹಿತ್ತಾಳೆಯ ಜೋಡಿಯನ್ನು ಅವನು ಬಿಟ್ಟು ಇನ್ನೊಬ್ಬರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಅಲ್ಲಿಯ ಕಟ್ಟಳೆ ಎಂಥದೆಂದರೆ, ಎತ್ತಿದ ಪದವನ್ನು ನಡುವೆ ನಿಲ್ಲಿಸಬಾರದು, ತಾಳ ಹಿಡಿದ ಹಿರಿಯನನ್ನು ತಿದ್ದಬಾರದು. ಮನೆ ಬಿದ್ದರೂ ಪದ ಮುಗಿಸಿಯೇ ಎದ್ದು ಓಡಬೇಕು.

ಬಂಡೆಪ್ಪ ಹಾಡುತ್ತಿದ್ದಷ್ಟು ಕಾಲ ಎಲ್ಲ ಸರಿಯಾಗಿತ್ತು. ಬಂಡೆಪ್ಪ ಎಂದರೆ ಆ ಮಂಡಳಿಯ ಗಂಟಲು. ಚರ್ಮದ ಚೀಲ ಹೊಲಿಯುವ ಕೆಲಸ, ಬಾಯಿ ತೆರೆದರೆ ರಸ್ತೆಯಲ್ಲಿ ಹೋಗುವ ರಿಕ್ಷಾದವನೂ ಬ್ರೇಕು ಹಾಕಬೇಕು. ಅವನ ಹಾಡಿನಲ್ಲಿ ಒಂದು ವಿಶೇಷವಿತ್ತು. ಒಂದು ಸಾಲು ಮನಸ್ಸಿಗೆ ನಾಟಿತೆಂದರೆ ಅದನ್ನೇ ತಿರುಗಿ ಹಾಡುತ್ತಿದ್ದ, ಕೆಲವು ಸಲ ಮೂರನೆಯ ಬಾರಿಗೂ. ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನ್ನಂಥ ಪ್ರಸಾದದ ಗಿರಾಕಿಗೂ ಅಂಥ ಹೊತ್ತಲ್ಲಿ ಹಸಿವು ಮರೆಯುತ್ತಿತ್ತು.

ಹೋದ ವರ್ಷ ಬಂಡೆಪ್ಪ ತೀರಿಕೊಂಡ. ಅವನ ಜಾಗದಲ್ಲಿ ಸೌಮ್ಯಾ ಹಾಡತೊಡಗಿದಳು. ಶಾಲೆಯ ಟೀಚರು, ಸಂಗೀತ ಕಲಿತವಳು, ಬಂಡೆಪ್ಪನ ಮೇಲೆ ಎಷ್ಟು ಭಕ್ತಿಯೆಂದರೆ ಸಾಲು ತಿರುಗಿಸುವ ಅವನ ಶೈಲಿಯನ್ನೂ ಅಭ್ಯಾಸ ಮಾಡಿಕೊಂಡಿದ್ದಳು. ಆದರೆ ಏನಾಯಿತೋ, ಹಾಡು ಒಂದು ಕಡೆ, ತಾಳ ಇನ್ನೊಂದು ಕಡೆ. ನನ್ನ ಕಿವಿಗೇ ಅದು ತಿಳಿಯಿತೆಂದರೆ ಉಳಿದವರ ಗತಿ ಯೋಚಿಸಿ. ಪಾಪ, ಅಣವೀರಪ್ಪನಿಗೆ ವಯಸ್ಸಾಯಿತು, ಕೈ ಸೋತಿತು ಎಂದು ಎಲ್ಲರೂ ಮಾತಾಡಿಕೊಂಡರು. ಕಡೆಗೊಂದು ಸೋಮವಾರ ಸೌಮ್ಯಾ ತೀರ ಮೆತ್ತಗೆ ಹೇಳಿದಳು: "ಕಾಕಾ, ಈ ಶ್ರಾವಣಕ್ಕ ತಾಳ ಶ್ರೀಶೈಲಗ ಕೊಡೋಣೇನ್ರಿ?"

ಶ್ರೀಶೈಲ ಬ್ಯಾಂಕಿನಲ್ಲಿರುವ ಹುಡುಗ, ಇಲ್ಲಿಯೇ ಹುಟ್ಟಿ ಬೆಳೆದವನು. ಅಣವೀರಪ್ಪ ಅವನ ಮುಖ ನೋಡಿದ, ಸೌಮ್ಯಾಳ ಮುಖ ನೋಡಿದ, ತಾಳವನ್ನು ಚೀಲಕ್ಕೆ ಹಾಕಿಕೊಂಡು ಎದ್ದುಬಂದ. ಆ ದಿನ ಪ್ರಸಾದವನ್ನೂ ತಿನ್ನಲಿಲ್ಲ, ಬಸ್ಸಿನಲ್ಲಿ ನನ್ನ ಪಕ್ಕ ಕೂತು ಒಂದೇ ಮಾತು ಹೇಳಿದ.

"ಶೆಟ್ರ, ನನ್ನ ತಾಳ ಅಂದು ಹ್ಯಾಂಗಿತ್ತೋ ಇಂದೂ ಹಂಗ ಐತಿ. ಬಂಡೆಪ್ಪ ಇದ್ದಾಗ ಯಾರಾದರೂ ಒಂದು ಮಾತು ಅಂದಿದ್ರೇನು? ಈ ಮಂದಿಗೆ ಕೇಳಸ್ತೀನಿ."

ಕೇಳಿಸಲು ಅವನ ಬಳಿ ಒಂದು ಕ್ಯಾಸೆಟ್ಟಿತ್ತು. ಹಿಂದೆ ಚಾಳಿನಲ್ಲಿ ನಡೆದ ಭಜನೆಯನ್ನು ಟೇಪ್ ರೆಕಾರ್ಡರ್ ಮುಂದಿಟ್ಟು ಹಿಡಿದದ್ದು. ಹಳೇ ಮಶೀನಿನಲ್ಲಿ ಹಾಕಿದರೆ ಬಂಡೆಪ್ಪ ಕುಂಭದ್ರೋಣ ಮಳೆಯಲ್ಲಿ ನಿಂತು ಹಾಡುತ್ತಿದ್ದಾನೋ ಎಂಬಂತೆ ಬರೀ ಸರ್‍ರ್ ಎನ್ನುತ್ತಿತ್ತು. ಮಾಟುಂಗಾದಲ್ಲಿ ಒಬ್ಬನು ಅದನ್ನು ಚೊಕ್ಕಟವಾಗಿ ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಜೊತೆಗೆ, ಇದನ್ನು ಮೊಬೈಲಿನಲ್ಲಿ ಕೇಳಿದರೆ ಪಾಪ ಬರುತ್ತದೆ, ಸ್ಟ್ರೀಮರ್ ಬೇಕು, ಡ್ಯಾಕ್ ಬೇಕು ಎಂದೂ ತಲೆಗೆ ತುಂಬಿದ. ಮರಳಿ ಬರುವಾಗ ಅಣವೀರಪ್ಪನ ಟ್ಯಾಕ್ಸಿಯಲ್ಲಿ ಎರಡು ಡಬ್ಬಿ, ಒಂದು ಆಂಪ್ಲಿಫೈಯರ್, ಮತ್ತು ಅವನ ಹೆಂಡತಿ ದಾನವ್ವ ಕೂರಬೇಕಾದ ಸೀಟಿನಲ್ಲಿ ಎರಡು ಸ್ಪೀಕರುಗಳಿದ್ದವು. ದಾನವ್ವ ಬಸ್ಸಿನಲ್ಲಿ ಬಂದಳು.

"ಈ ಸಣ್ಣ ಡಬ್ಬಿ ಯಾತಕ್ಕ?" ಎಂದು ಅವಳು ಕೇಳಿದಳು.

ಅಣವೀರಪ್ಪ ವಿವರಿಸಿದ. ಸ್ಟ್ರೀಮರ್ ಪೆನ್‌ಡ್ರೈವಿನಿಂದಲೋ ವೈಫೈಯಿಂದಲೋ ಹಾಡನ್ನು ಅಂಕಿಗಳ ರೂಪದಲ್ಲಿ ಎತ್ತಿಕೊಂಡು ಬರುತ್ತದೆ. ಡ್ಯಾಕ್ ಆ ಅಂಕಿಗಳನ್ನು ಮತ್ತೆ ದನಿ ಮಾಡಿ ಆಂಪ್ಲಿಫೈಯರಿಗೆ ಕೊಡುತ್ತದೆ.

"ಅಂದ್ರ ಒಬ್ಬಾವ ಡಬ್ಬಿ ಹೊತ್ತು ತರಾಂವ, ಇನ್ನೊಬ್ಬಾವ ಬಿಚ್ಚಿ ಬಡಸಾಂವ. ಒಬ್ಬಾವಗ ಎರಡೂ ಮಾಡಾಕ ಏನ ಧಾಡಿ?"

ಅಣವೀರಪ್ಪ ಡ್ಯಾಕಿಗೆ ಮೂರು ಬೆರಳು ವಿಭೂತಿ ಎಳೆದ. ದಾನವ್ವ ಧೂಳು ಬೀಳಬಾರದೆಂದು ಅದರ ಮೇಲೆ ಕ್ರೋಶಾದ ಮುಸುಕು ಹಾಕಿದಳು, ಅದು ಕಾದು ಒಲೆಯಾದಾಗ ತೆಗೆದಳು.

ನಿಜವಾದ ಅನಾಹುತ ಆದದ್ದು ವೈಫೈಯಿಂದ. ಅಣವೀರಪ್ಪನ ಮನೆಯ ವೈಫೈ ನಮ್ಮದೇ. ಪಾಸ್‌ವರ್ಡ್ ಕೊಟ್ಟದ್ದು ನಾನೇ, ನೆರೆಹೊರೆ ಎಂದ ಮೇಲೆ ಕೊಡಬೇಕಲ್ಲ. ಅವನು ಮೊಬೈಲಿಗೂ ಇಳಿಸಿಕೊಂಡಿದ್ದ ಹಾಡನ್ನು ಸ್ಟ್ರೀಮರಿಗೆ ಕಳಿಸಲೆಂದು ಒತ್ತಿ, ಎಲ್ಲಿ ನುಡಿಸಬೇಕು ಎಂದು ಮೊಬೈಲು ಕೇಳಿದ್ದಕ್ಕೆ ಮೊದಲು ಕಂಡ ಹೆಸರನ್ನೇ ಒತ್ತಿದ. ಅದು ನಮ್ಮ ಟೀವಿ. ಕೆಳಗೆ ವಾರಿಜಾಳ ಧಾರಾವಾಹಿಯಲ್ಲಿ ಸೊಸೆ ಅತ್ತೆಯ ಕೆನ್ನೆಗೆ ಬಾರಿಸಲು ಕೈಯೆತ್ತಿದ್ದಳಷ್ಟೆ, ಸೊಸೆ ಮಾಯವಾಗಿ ಸತ್ತುಹೋದ ಬಂಡೆಪ್ಪ ಹಾಡತೊಡಗಿದ. ವಾರಿಜಾಳ ಕೈಯಿಂದ ಮೀನಿನ ತಟ್ಟೆ ಕೆಳಗೆ ಬಿತ್ತು. ಮೇಲೆ ಅಣವೀರಪ್ಪ ದನಿ ಬರುತ್ತಿಲ್ಲವೆಂದು ವಾಲ್ಯೂಮ್ ಏರಿಸುತ್ತಲೇ ಇದ್ದ.

ನಾನು ಏದುಸಿರು ಬಿಡುತ್ತ ಮೇಲೆ ಹೋದೆ. "ಎಂತ ಮಾರಾಯ್ರೆ, ನಿಮ್ಮ ಬಂಡೆಪ್ಪ ನಮ್ಮ ಮನೆಗೆ ಬಂದು ಕೂತಿದ್ದಾರಲ್ಲ" ಎಂದೆ. ಅಣವೀರಪ್ಪನ ಕಣ್ಣು ಹೊಳೆಯಿತು. "ಸ್ವಚ್ಛ ಕೇಳಾಕತ್ತಿತ್ತೇನ್ರಿ?" ಎಂದ.

ಕೊನೆಗೆ ಶ್ರೀಶೈಲನನ್ನೇ ಕರೆಯಬೇಕಾಯಿತು. ತಾಳಕ್ಕೆ ಪ್ರತಿಸ್ಪರ್ಧಿಯನ್ನು ಕರೆದು ತನ್ನ ಸಾಕ್ಷಿಯ ವೈರು ಜೋಡಿಸಿಕೊಳ್ಳುವ ಧೈರ್ಯ ಅಣವೀರಪ್ಪನದು. ಹುಡುಗ ಒಳ್ಳೆಯವನು, ಸ್ಟ್ರೀಮರಿನಿಂದ ಡ್ಯಾಕಿಗೆ ಒಂದು ಕೇಬಲ್, ಡ್ಯಾಕಿನ ಬೆನ್ನಿನಿಂದ ಆಂಪ್ಲಿಫೈಯರಿಗೆ ಕೆಂಪು ಬಿಳಿ ವೈರಿನ ಜೋಡಿ ಚುಚ್ಚಿದ. "ಕಾಕಾ, ಔಟ್‌ಪುಟ್ ಗಲತ್ ಸೆಟ್ ಆಗಿತ್ತು, ಬಸ್ ಇಷ್ಟೇ, ಈಗ ಬರ್ತದೆ" ಎಂದು ಹೇಳಿದ. ಭಾನುವಾರ ಮಂಡಳಿಯವರನ್ನೆಲ್ಲ ಮನೆಗೆ ಕರೆದು ಕೇಳಿಸುವುದೆಂದು ಅಣವೀರಪ್ಪ ಘೋಷಿಸಿದ. ದಾನವ್ವ ಉಪ್ಪಿಟ್ಟು ಮಾಡುವುದಾಗಿ ಹೇಳಿದ್ದರಿಂದ ನಾನೂ ಹೋದೆ.

ಹಾಡು ಶುರುವಾಯಿತು. ದೇವರಾಣೆ, ಬಂಡೆಪ್ಪ ಶೋಕೇಸಿನ ಪಕ್ಕದಲ್ಲೇ ಕೂತಿದ್ದ. ಅವನು ಉಸಿರು ಎಳೆದುಕೊಳ್ಳುವುದು ಕೇಳಿಸಿತು, ಯಾರೋ ಕೆಮ್ಮಿದ್ದು ಕೇಳಿಸಿತು, ದೂರದಲ್ಲಿ ಕುಕ್ಕರು ಸೀಟಿ ಹೊಡೆಯಿತು. ಸೌಮ್ಯಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಣವೀರಪ್ಪ ಮಾತ್ರ ಮದುವೆಯ ಗಂಡಿನಂತೆ ಎದೆ ಸೆಟೆಸಿ, ತಾಳ ಬರಲೆಂದು ಕಾದು ಕೂತಿದ್ದ.

ತಾಳ ಬಂತು. ಗಾಜು ಒಡೆದಷ್ಟು ಸ್ಪಷ್ಟವಾಗಿ ಬಂತು. ಎರಡು ಸಾಲು ನೆಟ್ಟಗೆ ನಡೆಯಿತು. ಮೂರನೆಯ ಸಾಲಿನಲ್ಲಿ, ಲೋಕಲ್ ಟ್ರೇನು ತಪ್ಪಿಹೋಗುತ್ತದೆ ಎನ್ನುವವನ ಹಾಗೆ ಓಟ ಕಿತ್ತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅಣವೀರಪ್ಪ ಎದ್ದು ನಿಲ್ಲಿಸಿದ. "ಡ್ಯಾಕ್ ಸರಿ ಇಲ್ಲ" ಎಂದ. ಶ್ರೀಶೈಲ ಬೇರೆ ಕೇಬಲ್ ಹಾಕಿದ. ತಾಳ ಅಲ್ಲಿಯೇ ಓಡಿತು. "ವೈಫೈ ಎಳ್ಯಾಕತ್ತೈತಿ" ಎಂದು ನನ್ನನ್ನು ನೋಡಿದ. ಹಾಡು ಬರುತ್ತಿದ್ದದ್ದು ಪೆನ್‌ಡ್ರೈವಿನಿಂದ. ಶ್ರೀಶೈಲ ಬೇರೊಂದು ಹಾಡು ಹಾಕಿ ನೋಡಿದ, ಅದರ ತಾಳ ಕಂಬದಂತೆ ನಿಂತಿತ್ತು. ಟೇಪೇ ಜೋರಾಗಿ ಓಡಿರಬೇಕು ಎಂದು ಅಣವೀರಪ್ಪ ಕಡೆಯ ಆಸರೆ ಹಿಡಿದ. ಹಾಗಾಗಿದ್ದರೆ ಹಾರ್ಮೋನಿಯಮ್ಮಿನ ಸ್ವರವೂ ಏರಬೇಕಿತ್ತು, ಅದು ಏರಿರಲಿಲ್ಲ. ಇದನ್ನು ಯಾರೂ ಹೇಳಬೇಕಾಗಲಿಲ್ಲ.

"ಕುಣಿಯಲಾರದಾಕಿ ನೆಲ ಡೊಂಕ ಅಂದಳಂತ" ಎಂದಳು ದಾನವ್ವ, ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು. "ಸುಮ್ಮ ಕುಂತು ಪೂರಾ ಕೇಳ್ರಿ."

ಪೂರಾ ಕೇಳಿದೆವು. ಮೊದಲು ಗುರುತಿಸಿದವಳು ಸೌಮ್ಯಾ. ಅವಳ ಕೈ ತೊಡೆಯ ಮೇಲೆ ಲೆಕ್ಕ ಹಾಕುತ್ತಿತ್ತು, ಸಟ್ಟನೆ ನಿಂತುಹೋಯಿತು. "ಕಾಕಾ," ಎಂದಳು, "ಬಂಡೆಪ್ಪ ಕಾಕಾ ಸಾಲು ತಿರುಗಸೂದು ಎಲ್ಲಿ ನೋಡ್ರಿ."

ಆಗ ನನಗೂ ಕೇಳಿಸಿತು. ತಾಳ ಓಡಿದಲ್ಲೆಲ್ಲ ಬಂಡೆಪ್ಪ ಸಾಲು ತಿರುಗಿಸುತ್ತಿದ್ದ. ತಾಳ ಮುಂದೆ ಹೋದರೆ ಅದೇ ಸಾಲನ್ನು ಮತ್ತೆ ಎತ್ತಿ, ಒಂದು ಅಕ್ಷರವನ್ನು ಎಳೆದೋ ನುಂಗಿಯೋ, ಅದು ಸುತ್ತಿಬಂದು ಸೇರುವ ತನಕ ನಿಂತಲ್ಲೇ ನಿಂತು, ಕೈಹಿಡಿದು ಮುಂದಿನ ಸಾಲಿಗೆ ದಾಟಿಸುತ್ತಿದ್ದ. ನಾವು ಕಣ್ಣು ಮುಚ್ಚಿ ತಲೆದೂಗಿದ ಭಕ್ತಿಯೆಲ್ಲ ಇದು. ಸೌಮ್ಯಾ ಅಭ್ಯಾಸ ಮಾಡಿದ ಶೈಲಿಯೂ ಇದೇ, ಆದರೆ ಅವಳು ತಿರುಗಿಸುತ್ತಿದ್ದದ್ದು ಸಾಲು ನೋಡಿ, ತಾಳ ನೋಡಿ ಅಲ್ಲ. ಎತ್ತಿದ ಪದ ನಿಲ್ಲಿಸುವಂತಿಲ್ಲ, ಹಿರಿಯನನ್ನು ತಿದ್ದುವಂತಿಲ್ಲ. ಆದ್ದರಿಂದ ಆ ಮನುಷ್ಯ ತನ್ನ ಹಾಡನ್ನೇ ತಿದ್ದಿಕೊಂಡಿದ್ದ, ಬದುಕಿರುವ ತನಕ ಯಾರಿಗೂ ಹೇಳಿರಲಿಲ್ಲ.

ಅಣವೀರಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಅವನ ತಾಳ ಅಂದು ಹೇಗಿತ್ತೋ ಇಂದೂ ಹಾಗೆಯೇ ಇತ್ತು. ನಗಬೇಕೆಂದುಕೊಂಡೆ, ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟೆ. ನನಗೆ ನಿಜವಾಗಿ ಸಂಕಟವಾಯಿತು.

"ನಾನ ಅವನ್ನ ನಡಸಾಕತ್ತೀನಿ ಅಂತ ತಿಳಿದಿದ್ದೆ" ಎಂದ ಅಣವೀರಪ್ಪ. ಎದ್ದು, ಗೂಟದಲ್ಲಿದ್ದ ಚೀಲದಿಂದ ತಾಳ ತೆಗೆದು ಶ್ರೀಶೈಲನ ಕೈಗಿಟ್ಟ. ಹುಡುಗ ಬೇಡವೆಂದ, ಕಾಲು ಮುಟ್ಟಿದ, ಅಳುವಂತಾದ. "ಹಿಡಿಯೋ. ನನಗ ಕಾಯಾಂವ ಹ್ವಾದ" ಎಂದ ಅಣವೀರಪ್ಪ.

ಶ್ರಾವಣದ ಭಜನೆ ಚೆನ್ನಾಗಿ ಆಯಿತು. ಶ್ರೀಶೈಲನ ತಾಳ ಗಡಿಯಾರ ಇದ್ದ ಹಾಗೆ. ಅಣವೀರಪ್ಪ ಪ್ರಸಾದದವರ ಸಾಲಿನಲ್ಲಿ ನನ್ನ ಪಕ್ಕ ಕೂತು, ಅವಲಕ್ಕಿಗೆ ಉಪ್ಪು ಕಮ್ಮಿ ಎಂದು ದೂರಿದ.

ಆದರೆ ದಿನಾ ಸಂಜೆ ಮೇಲಿನ ಮನೆಯಲ್ಲಿ ಆ ಎರಡು ಡಬ್ಬಿಗಳು ಶುರುವಾಗುತ್ತವೆ. ಬಂಡೆಪ್ಪ ಹಾಡುತ್ತಾನೆ, ಅಣವೀರಪ್ಪ ಸ್ಪೀಕರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಚಪ್ಪಾಳೆ ತಟ್ಟುತ್ತಾನೆ. ಈಗಲೂ ಅವನು ಮೂರನೆಯ ಸಾಲಿಗೆ ಓಡುತ್ತಾನೆ, ಬುದ್ಧಿ ಬಂದಿಲ್ಲ. ಆದರೆ ಅಲ್ಲಿ ಬಂಡೆಪ್ಪ ಸಾಲು ತಿರುಗಿಸಿ ನಿಂತೇ ಇರುತ್ತಾನಲ್ಲ, ಇಬ್ಬರೂ ಕೂಡಿಯೇ ಮುಂದೆ ಹೋಗುತ್ತಾರೆ. ಕೆಳಗೆ ಕೂತು ಕೇಳಿದರೆ ಒಂದು ಪೆಟ್ಟೂ ತಪ್ಪುವುದಿಲ್ಲ.