ಕೊಯ್ದ ಅಂಚುಗಳ ಡಬ್ಬಿ

2025, ನವೆಂಬರ್ 9, ಭಾನುವಾರ. ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಬರೆಯಲು ಕುಳಿತಿದ್ದೇನೆ.

ಕಾಕಾನ ಬಲಗೈ ಹೆಬ್ಬೆರಳಿನ ಉಗುರಿನ ಅಂಚು ಯಾವಾಗಲೂ ತಿಳಿನೀಲಿಯಾಗಿರುತ್ತಿತ್ತು. ಮೊದಲ ಸಲ ನೋಡಿದಾಗ ಶಾಯಿ ಎಂದುಕೊಂಡಿದ್ದೆ. ಶಾಯಿಯಲ್ಲ, ಮೈಲುತುತ್ತ. ಪುಸ್ತಕಕ್ಕೆ ಹಚ್ಚುವ ಮೈದಾ ಅಂಟಿಗೆ ಹುಳ ಬೀಳಬಾರದೆಂದು ಚಿಟಿಕೆಯಷ್ಟು ಹಾಕಿ ಕುದಿಸುತ್ತಿದ್ದರು. ನಲವತ್ತು ವರ್ಷ ಆ ಅಂಟನ್ನು ಬೆರಳಿನಿಂದಲೇ ಸವರಿದ್ದಕ್ಕೆ ಬಣ್ಣ ಉಗುರಿನೊಳಗೆ ಇಳಿದುಬಿಟ್ಟಿತ್ತು. ಊಟಕ್ಕೆ ಮೊದಲು ಹುಣಸೆಹಣ್ಣು ಹಚ್ಚಿ ಮೂರು ಸಲ ಕೈ ತೊಳೆಯುತ್ತಿದ್ದರು. "ಇದು ಹುಳದ ಊಟ ತಂಗಿ, ನಮ್ಮದಲ್ಲ" ಎನ್ನುತ್ತಿದ್ದರು.

ರಾಣೆಬೆನ್ನೂರಿನಲ್ಲಿ ಹಲಗೇರಿ ರಸ್ತೆಗೆ ತಾಗಿದ ಓಣಿಯ ಮೂಲೆಯ ಮನೆ ಅವರದು. ಓಣಿಗೆಲ್ಲ ಅವರು ಮೂಲಿಮನಿ ಕಾಕಾ. ಊರಿನ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡಿ, ಅದು ಮುಚ್ಚಿದ ಮೇಲೆ ಮನೆಯ ಪಡಸಾಲೆಯಲ್ಲೇ ಹರಿದ ಪುಸ್ತಕಗಳನ್ನು ರಿಪೇರಿ ಮಾಡುತ್ತ ಕುಳಿತವರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದಕ್ಕೆ ಅವರೇ ಕೊಟ್ಟ ಕಾರಣವಿದೆ, ಮುಂದೆ ಬರುತ್ತದೆ.

ನಾನು ಹಾವೇರಿಯವಳು. ಇಲ್ಲಿ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವ ಕೆಲಸ. ಒಂದೊಂದು ಮಾದರಿಯಿಂದ ನಾಲ್ಕು ನೂರು ಬೀಜ ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ವಾರ ಕಳೆದ ಮೇಲೆ ಎಷ್ಟು ಎದ್ದವು, ಎಷ್ಟು ಸತ್ತವು ಎಂದು ಬರೆಯಬೇಕು. ಎಣಿಸುವುದು ಹೀಗೆ ಕೈಗೆ ಹತ್ತಿತು, ದಿನಚರಿಯಲ್ಲೂ ಬಿಡಲಾಗಲಿಲ್ಲ. ಕಾಕಾ ನನಗೆ ಇಟ್ಟ ಹೆಸರು "ಎಣಿಕಿ ತಂಗಿ". ಬಾಗಿಲಲ್ಲಿ ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ತಲೆ ಎತ್ತದೆ ಕೇಳುತ್ತಿದ್ದರು: "ಏನವಾ ಎಣಿಕಿ, ಈ ವಾರ ಎಷ್ಟ ಎದ್ದೂವು?"

ಮೊದಲು ಹೋದದ್ದು 2023ರ ಜೂನ್ 11ರಂದು. ಹೈಸ್ಕೂಲಿನಿಂದ ನನ್ನ ಜೊತೆಗಿದ್ದ ನಿಘಂಟಿನ ಬೆನ್ನು ಕಿತ್ತುಹೋಗಿತ್ತು. ನಾನೇ ಬಿಳಿ ಅಂಟು ಸುರಿದು, ಮೇಲೆ ಟೇಪು ಸುತ್ತಿದ್ದೆ. ಈಗ ಅದು ತೆರೆಯುತ್ತಲೇ ಇರಲಿಲ್ಲ. ಕಾಕಾ ಅದನ್ನು ಕೈಯಲ್ಲಿ ಹಿಡಿದು, ಜ್ವರ ಬಂದ ಮಗುವನ್ನು ಮುಟ್ಟಿದಂತೆ ಬೆನ್ನು ಸವರಿದರು.

"ಇದಕ್ಕ ಏನ್ ಹಚ್ಚೀಯವಾ?"

"ಅಂಟ್ರಿ ಕಾಕಾ. ಬಡಿಗ್ಯಾರ ಹಂತ್ಯಾಕ ಇಸ್ಕೊಂಡಿದ್ದೆ."

"ಬಡಿಗ್ಯಾರ ಅಂಟು ಕುರ್ಚಿಗಿ. ಕುರ್ಚಿ ಬಾಗೂದಿಲ್ಲ. ಪುಸ್ತಕ ದಿನಾ ಬಾಗಬೇಕು, ಏಳಬೇಕು."

ಒಳಗಿನಿಂದ ಅವರ ಹೆಂಡತಿ, ನಮ್ಮ ಕಾಕು, ಕೂಗಿ ಹೇಳಿದರು: "ಹಂಗಾರ ಅದನ್ನ ನಿಮ್ಮ ಕಾಕಾನ ಸೊಂಟಕ್ಕ ಸ್ವಲ್ಪ ಹಚ್ಚವಾ. ಮುಂಜಾನೆ ಬಾಗಿ ಕುಂತ್ರ ಸಂಜೀತನಾ ಏಳೂದಿಲ್ಲ!"

ಪುಸ್ತಕ ಬಿಟ್ಟು ಹೋಗುತ್ತೇನೆ ಎಂದರೆ ಕಾಕಾ ಒಪ್ಪಲಿಲ್ಲ. "ಬಿಟ್ಟು ಹೋಗಬ್ಯಾಡ. ಕುಂದ್ರು. ನಿನ್ನ ಪುಸ್ತಕ, ನೀನ ಹೊಲಿ." ಆ ಅಂಟನ್ನು ಕೆರೆದು ತೆಗೆಯುವುದಕ್ಕೇ ಮೂರು ಭಾನುವಾರ ಬೇಕಾದವು. ನಾಲ್ಕನೆಯ ಭಾನುವಾರ ಹಾಳೆಗಳನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ, ದಾರಕ್ಕೆ ಮೇಣ ಸವರಿ, ಮಡಿಕೆಯ ನಡುವಿನಿಂದ ಹೊಲಿಯುವುದನ್ನು ಕಲಿಸಿದರು. ಬೆನ್ನಿಗೆ ಹಳೆಯ ಧೋತರದ ಬಟ್ಟೆ. ಮಡಿಕೆ ಒತ್ತಲು ಅವರ ಬಳಿ ಎತ್ತಿನ ಕೊಂಬಿನ ಒಂದು ಚೂರಿತ್ತು, ಉಜ್ಜಿ ಉಜ್ಜಿ ಬಾಳೆದಿಂಡಿನಷ್ಟು ನುಣುಪಾಗಿತ್ತು.

ನಾನು ಹೊಲಿಗೆಯನ್ನು ಗಟ್ಟಿಯಾಗಿ ಬಿಗಿದು ಮೂರು ಗಂಟು ಹಾಕಿದರೆ ಎರಡನ್ನು ಬಿಚ್ಚಿಸುತ್ತಿದ್ದರು. "ನಿನ್ನ ಕೆಲಸಾನ ನಾಳೆ ಯಾರರೆ ಬಿಚ್ಚತಾರ. ಬಿಚ್ಚಾಂವಗ ಬೈಗಳ ನೆನಪಾಗಬಾರ್ದು." ಮೈದಾ ಅಂಟನ್ನೇ ಅವರು ಹಿಡಿದುಕೊಂಡದ್ದೂ ಇದಕ್ಕೇ. ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಕಾದರೆ ಅದು ತಾನಾಗಿ ಬಿಡುತ್ತದೆ. ಕಾಕುವಿಗೆ ಮಾತ್ರ ಆ ಮೈದಾದ ಮೇಲೆ ತಕರಾರಿತ್ತು: "ಶಂಕರಪಾಳಿ ಮಾಡಬೇಕಂದ್ರ ಡಬ್ಬಿ ಖಾಲಿ. ಈ ಮನ್ಯಾಗ ಮೊದಲ ಪುಸ್ತಕ ಉಣ್ಣತಾವು, ಆಮ್ಯಾಲೆ ಮಂದಿ."

ಅವರ ಕೈಯಿಂದ ಹೊರಟ ಪುಸ್ತಕಗಳಲ್ಲಿ ನನಗೆ ಒಂದೇ ಕೊರತೆ ಕಾಣುತ್ತಿತ್ತು. ಅಂಚು ಸಮನಾಗಿರುತ್ತಿರಲಿಲ್ಲ. ಒಂದು ಹಾಳೆ ಮುಂದೆ, ಒಂದು ಹಿಂದೆ. ಅಂಗಡಿಯ ಪುಸ್ತಕದಂತೆ ಮೂರು ಕಡೆ ನುಣ್ಣಗೆ ಕತ್ತರಿಸಿರುತ್ತಿರಲಿಲ್ಲ. ಮನೆಯಲ್ಲಿ ಕಾಗದ ಕೊಯ್ಯುವ ಚಾಕುವೇ ಇರಲಿಲ್ಲ. ದಾರ ಕಡಿಯಲು ಒಂದು ಸಣ್ಣ ಕತ್ತರಿ, ಅಷ್ಟೆ.

2024ರ ಫೆಬ್ರವರಿ 18. ಅಂದು ನಾನು ನನ್ನ ಲೆಕ್ಕದಲ್ಲಿ ಹದಿನಾಲ್ಕನೆಯ ಪುಸ್ತಕ ಮುಗಿಸಿದ್ದೆ, ಹಳೆಯದೊಂದು ಶಾಲಾ ಭೂಪಟ ಪುಸ್ತಕ. ಕಾಕಾ ಚಹಾಕ್ಕೆ ಒಳಗೆ ಹೋಗಿದ್ದರು. ಚೀಲದಲ್ಲಿ ಸ್ಟೀಲ್ ಪಟ್ಟಿ, ಹೊಸ ಚಾಕು ತಂದಿದ್ದೆ. ಅವರು ಹೊರಗೆ ಬರುವಷ್ಟರಲ್ಲಿ ಅಂಚು ನೇರ ಮಾಡಿ ತೋರಿಸೋಣ, ಸಂತೋಷಪಡುತ್ತಾರೆ ಎಂದುಕೊಂಡೆ. ಅವರು ಬಂದಾಗ ಕೊನೆಯ ಬದಿಯನ್ನು ಕೊಯ್ಯುತ್ತಿದ್ದೆ.

ಕಾಕಾ ಕೂಗಲಿಲ್ಲ. ಚಹಾದ ಕಪ್ಪನ್ನು ಕಿಟಕಿಯಲ್ಲಿಟ್ಟು, ನೆಲದ ಮೇಲೆ ಬಿದ್ದಿದ್ದ ಕಾಗದದ ಪಟ್ಟಿಗಳ ಮುಂದೆ ಕುಳಿತರು. ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡಿದರು. ಬರೆದದ್ದು ಒಂದರಲ್ಲೂ ಇರಲಿಲ್ಲ.

"ಇವತ್ತಿಗಿ ಸಾಕವಾ," ಎಂದರು.

ಮುಂದಿನ ಭಾನುವಾರ ಹೋಗಲೋ ಬೇಡವೋ ಎನ್ನುತ್ತಲೇ ಹೋದೆ. ಕಾಕು ಬಾಗಿಲಲ್ಲೇ ಕೈ ಹಿಡಿದು, "ನಿನ್ನ ಮ್ಯಾಲೆ ಸಿಟ್ಟಿಲ್ಲ. ಅವರ ಸಿಟ್ಟು ಅವರ ಮ್ಯಾಲೆ ಐತಿ. ಒಳಗ ಬಾ," ಎಂದರು. ಪಡಸಾಲೆಯಲ್ಲಿ ಕಾಕಾನ ತೊಡೆಯ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಕಾಗದದ ಪಟ್ಟಿಗಳು. ಅರ್ಧ ಬೆರಳಿನಗಲ, ಗೇಣುದ್ದ.

ಅವರು ಹೇಳಿದ್ದನ್ನು ಆ ದಿನವೇ ಬರೆದಿಟ್ಟುಕೊಂಡಿದ್ದೇನೆ. ಮೂವತ್ತು ವರ್ಷಕ್ಕೂ ಹಿಂದೆ ಅವರು ಇನ್ನೂ ಪ್ರೆಸ್ಸಿನಲ್ಲಿದ್ದಾಗ, ಒಬ್ಬ ರೈತ ಕೈಬರಹದ ಭಜನೆ ಪುಸ್ತಕ ತಂದಿದ್ದ. ರಟ್ಟು ಹೋಗಿತ್ತು, ಅಂಚೆಲ್ಲ ಚೂರುಚೂರು. ಹಾಳೆ ತಿರುವಿದರೆ ಸೀನು ಬರುತ್ತಿತ್ತು; ಹುಳ ಬಾರದಿರಲೆಂದು ಮನೆಯವರು ಅದನ್ನು ಒಣಮೆಣಸಿನಕಾಯಿಯ ಜೊತೆ ಟ್ರಂಕಿನಲ್ಲಿಟ್ಟಿದ್ದರು. ಆತ ಹೆಸರು ಹೇಳಲಿಲ್ಲ, ಇವರು ಕೇಳಲಿಲ್ಲ. ಬ್ಯಾಡಗಿ ಪೇಟೆಗೆ ಹೊರಟಿದ್ದೇನೆ, ಬರುವಾಗ ಒಯ್ಯುತ್ತೇನೆ ಎಂದು ಹೋದ. ಕಾಕಾ ಅದನ್ನು ಹೊಲಿದು, ಹಸಿರು ರಟ್ಟು ಹಾಕಿ, ಪ್ರೆಸ್ಸಿನ ದೊಡ್ಡ ಕತ್ತಿಯಲ್ಲಿ ಅಂಚು ಕೊಯ್ದು ನುಣ್ಣಗೆ ಮಾಡಿದರು. ಆತ ಬಂದು ಅಂಚಿನ ಮೇಲೆ ಕೈಯಾಡಿಸಿ, "ಮದಿಮಗಳನ್ನ ಮಾಡೀರಲ್ರೀ!" ಎಂದು ನಕ್ಕು ಒಯ್ದ.

ಮರುದಿನ ಕಸ ಗುಡಿಸುವಾಗ ಪಟ್ಟಿಗಳ ಮೇಲೆ ಪೆನ್ಸಿಲ್ ಬರಹ ಕಂಡಿತು. ಪುಸ್ತಕವನ್ನು ಅಡ್ಡ ತಿರುಗಿಸಿ, ಅಂಚಿನುದ್ದಕ್ಕೂ ಯಾರೋ ಸಣ್ಣಗೆ ಬರೆದಿದ್ದರು. "ಇಲ್ಲಿ ತಡೆದು ಹಾಡಬೇಕು." "ಎರಡು ಸಲ." "ಈ ಸಾಲಿಗೆ ಅವ್ವ ಕಣ್ಣು ಮುಚ್ಚುತ್ತಿದ್ದಳು." "ಅವ್ವನಿಗೆ ಇದು ಬಾರದು, ನಗುತ್ತಿದ್ದಳು."

"ನಾ ಹಾಳಿ ನೋಡಲಿಲ್ಲ ತಂಗಿ, ಅಂಚ ನೋಡಿದೆ," ಎಂದರು ಕಾಕಾ. "ಅಂಟಿಸಿದ್ದು ಬಿಚ್ಚತೈತಿ. ಹೊಲದದ್ದು ಬಿಚ್ಚತೈತಿ. ಕೊಯ್ದದ್ದನ್ನ ಏನ್ ಮಾಡ್ಲಿ? ಆ ಮನಷ್ಯಾ ತಿರುಗಿ ಬರತಾನ, ಕಪಾಳಕ್ಕ ಹೊಡಿತಾನ ಅಂತ ಕಾದೆ. ಬರಲೇ ಇಲ್ಲ. ಬೈಯಾಕರೆ ಬರಬೇಕಿತ್ತ."

ಮೆಣಸಿನಕಾಯಿಯ ಘಾಟು, ಬ್ಯಾಡಗಿ ಪೇಟೆ: ಆತ ಬ್ಯಾಡಗಿ ಕಡೆಯವನೇ ಎಂದು ಕಾಕಾ ನಿಶ್ಚಯಿಸಿಬಿಟ್ಟಿದ್ದರು. ಪ್ರತಿ ಶ್ರಾವಣ ಶನಿವಾರ ಕದರಮಂಡಲಗಿಗೆ ಹೋಗಿ, ಆಂಜನೇಯನ ಗುಡಿಯಲ್ಲಿ ಹಾಡುವ ಭಜನೆಯವರ ಪಕ್ಕ ಕುಳಿತು, ಅವರ ಪುಸ್ತಕ ಕೇಳಿ ನೋಡುತ್ತಿದ್ದರು. 2024ರ ಆಗಸ್ಟ್ 17ರಂದು ನಾನೂ ಹೋಗಿದ್ದೆ. ಅಂದು ಐದು ತಂಡ. ಮೂರರ ಬಳಿ ಪುಸ್ತಕವಿತ್ತು, ಯಾವುದೂ ಅದಲ್ಲ. ನಾಲ್ಕನೆಯ ತಂಡದ ತಾಳದವನು ಫೋನು ಎತ್ತಿ ತೋರಿಸಿದ: "ಪುಸ್ತಕ ಎಲ್ಲಿದ ಬಿಡ್ರಿ ಅಜ್ಜಾರ, ಎಲ್ಲಾ ಮೊಬೈಲ್‌ನ್ಯಾಗ ಐತಿ."

"ಚಲೋ ಆತಪಾ," ಎಂದರು ಕಾಕಾ. "ಅದರ ಅಂಚ ಯಾರೂ ಕೊಯ್ಯೂದಿಲ್ಲ."

ತಾಳದವನಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ಕಾಕಾ ಡಬ್ಬಿಯಿದ್ದ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ಈ ವರ್ಷ ಬೇಸಿಗೆ ಕಳೆಯುವಷ್ಟರಲ್ಲಿ ಅವರ ಕೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸುವುದು ನಾನು, ಹದ ಹೇಳುವುದು ಅವರು. ಜುಲೈ 13ರಂದು ಡಬ್ಬಿಯನ್ನು ನನ್ನ ಮುಂದೆ ಸರಿಸಿ, "ಮಳಿಗಾಲ. ಗಾಳಿಗಿ ಹರವು," ಎಂದರು. ಅವುಗಳನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ನಾನು ಎಣಿಸಿದೆ.

"ಕಾಕಾ, ತೊಂಬತ್ತೈದ ಅದಾವ್ರಿ."

"ಹೂಂ. ಹನ್ನೆರಡು ಮಡಿಕಿ, ಮಡಿಕಿಗಿ ಎಂಟು ಹಾಳಿ, ತೊಂಬತ್ತಾರು ಇರಬೇಕು. ಒಂದು ಕಸದಾಗ ಹೋಗೇತಿ."

ಎರಡನೆಯ ಸಲ ಎಣಿಸಿದೆ. ಅರವತ್ತೆರಡನೆಯದು ಬೆರಳಿಗೆ ದಪ್ಪ ಹತ್ತಿತು. ಬೀಜ ಎಣಿಸುವಾಗ ಎರಡು ಕೂಡಿಕೊಂಡಿದ್ದರೆ ಹೀಗೇ ತಿಳಿಯುತ್ತದೆ. ಕಾಕಾನಿಗೆ ಕೊಟ್ಟೆ. ಅವರು ನೀಲಿ ಉಗುರಿನಿಂದ ಅಂಚನ್ನು ಮೀಟಿ ನೋಡಿ, ಕಾಕುವನ್ನು ಕೂಗಿದರು: "ಲಗೂ ಒಂದು ಹಸಿ ಅರಿವಿ ತಾ!" ಪ್ರೆಸ್ಸಿನ ನೆಲದ ಮೇಲೆ ಬಿದ್ದಿದ್ದ ಅಂದಿನ ಅಂಟು ಎರಡು ಪಟ್ಟಿಗಳನ್ನು ಕೂಡಿಸಿಬಿಟ್ಟಿತ್ತು. ಅವರೇ ಕುದಿಸಿದ ಮೈದಾ ಅಂಟು. ಒದ್ದೆ ಬಟ್ಟೆ ಹಾಸಿ ಕಾದೆವು. ಕಾಕು ಗಡಿಯಾರ ನೋಡಿದರು. ಹನ್ನೊಂದು ನಿಮಿಷಕ್ಕೆ ಬಿಟ್ಟಿತು.

ಒಳಗಿನ ಬದಿಯಲ್ಲಿ ಪೆನ್ಸಿಲ್ ಬರಹ ನಿನ್ನೆ ಬರೆದಂತಿತ್ತು. ನಾನು ಓದಿದೆ: "ಇದು ಅವ್ವನ ತವರಿನ ಧಾಟಿ, ಹೊಸರಿತ್ತಿಯದು. ನಮ್ಮ ಊರಾಗ ಹಿಂಗ ಹಾಡುವುದಿಲ್ಲ."

ಕಾಕಾ ಇನ್ನೊಮ್ಮೆ ಓದು ಎಂದರು. ಓದಿದೆ. ಹೊಸರಿತ್ತಿ ಇರುವುದು ಹಾವೇರಿ ತಾಲೂಕಿನಲ್ಲಿ, ಬ್ಯಾಡಗಿಯಲ್ಲಲ್ಲ. ಮೆಣಸಿನಕಾಯಿ ಬೆಳೆದವರೆಲ್ಲ, ಯಾವ ಊರಿನವರಾದರೂ, ಮಾರುವುದಕ್ಕೆ ಬ್ಯಾಡಗಿಗೇ ಬರುತ್ತಾರೆ. ಕಾಕಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಹೆದರಿದೆ, ನಗುತ್ತಿದ್ದರು.

"ಕೇಳಿದೇನ?" ಎಂದರು ಕಾಕುವಿಗೆ. "ಮೂವತ್ತ ವರ್ಷ ತಪ್ಪ ಬಸ್ ಹತ್ತೇನಿ!"

"ನಾ ಅವತ್ತ ಹೇಳಿದ್ದಿಲ್ಲ? ಘಾಟ ಬಂದವರೆಲ್ಲಾ ಬ್ಯಾಡಗಿಯವರಾದ್ರ, ನಾನೂ ಬ್ಯಾಡಗಿಯಾಕಿ ಆಗಬೇಕಿತ್ತು."

ಮಳೆ ನಿಂತ ಮೇಲೆ ಮೂವರೂ ಹೊಸರಿತ್ತಿಗೆ ಹೋಗುವುದು ಎಂದಾಯಿತು. ಆಗಸ್ಟಿನಲ್ಲಿ ಕಾಕಾ ಹಾಸಿಗೆ ಹಿಡಿದರು. ಕೊನೆಯ ಸಲ ಮಾತಾಡಿದ ಭಾನುವಾರ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ನೀ ಬರಿತೀದಿ. ಇದನ್ನೂ ಬರಿ. ಪೇಪರಿಗಿ ಕೊಡು," ಎಂದರು.

"ನಿಮ್ಮ ಹೆಸರು ಹಾಕಲೇನ್ರಿ ಕಾಕಾ?"

"ಬ್ಯಾಡ. ಹೆಸರ ಹಾಕಿದ್ರ ಓಣಿ ಮಂದಿ ನನ್ನ ಮ್ಯಾಲೆ ಕನಿಕರ ಮಾಡ್ತಾರ. ತಪ್ಪ ಅಷ್ಟ ಹಾಕು. ತಪ್ಪ ನೋಡಿದ್ರ ಆ ಮನಿಯವರಿಗಿ ಗುರ್ತ ಸಿಗತೈತಿ."

ಸೆಪ್ಟೆಂಬರ್ 18, ಗುರುವಾರ ಮಧ್ಯಾಹ್ನ ಅವರು ತೀರಿಕೊಂಡರು. ಉಗುರಿನ ನೀಲಿ ಹಾಗೆಯೇ ಇತ್ತು.

ಅವರ ಬಳಿ ನಾನು ಕುಳಿತದ್ದು 71 ಭಾನುವಾರ. ಹೊಲಿದದ್ದು 38 ಪುಸ್ತಕ, ಅವರ ಮಾತಿಗೆ ಬಿಚ್ಚಿ ಮತ್ತೆ ಹೊಲಿದದ್ದು 11. ಕೊಯ್ದದ್ದು ಒಂದೇ.

ಅಕ್ಟೋಬರ್ 5 ಮತ್ತು ನವೆಂಬರ್ 2ರಂದು ಹೊಸರಿತ್ತಿಗೆ ಹೋಗಿ ಬಂದೆ. ಎರಡನೆಯ ಸಲ ಕಾಕುವೂ ಬಂದಿದ್ದರು. ಅಲ್ಲಿನ ಒಬ್ಬ ಹಿರಿಯ ಹೆಣ್ಣುಮಗಳು ಆ ಧಾಟಿ ತನಗೆ ಗೊತ್ತು ಎಂದು ಎರಡು ಸಾಲು ಹಾಡಿದರು. ಅವರ ಕಾಲದ ಹುಡುಗಿಯರು ಐದಾರು ಊರುಗಳಿಗೆ ಮದುವೆಯಾಗಿ ಹೋದರಂತೆ. ಯಾರ ಮಗ ಪುಸ್ತಕ ಬರೆದನೋ ಅವರಿಗೆ ತಿಳಿಯದು.

ಆದ್ದರಿಂದ ಓದುವವರಲ್ಲಿ ಕೇಳುತ್ತಿದ್ದೇನೆ. ಪಟ್ಟಿಗಳು ಒಟ್ಟು 96, ಬರಹವಿರುವವು 41. ಪುಸ್ತಕ ಗೆರೆಯಿಲ್ಲದ ಕಾಗದದ್ದು, ಹಸಿರು ರಟ್ಟು, ಬೆನ್ನಿಗೆ ಬಿಳಿ ಬಟ್ಟೆ, ಬೆನ್ನಿನ ಎದುರಿನ ಅಂಚು ನುಣ್ಣಗೆ ಕೊಯ್ದದ್ದು. ತವರಿನ ಧಾಟಿಯಲ್ಲಿ ಹಾಡುತ್ತಿದ್ದ ಹೊಸರಿತ್ತಿಯ ಹೆಣ್ಣುಮಗಳೊಬ್ಬರು ನಿಮ್ಮ ಮನೆಯ ಹಿರಿಯರಾಗಿದ್ದರೆ, ಅಂಥ ಪುಸ್ತಕವನ್ನು ಎಲ್ಲಾದರೂ ಕಂಡಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ನಾನೇ ಬಂದು ಪಟ್ಟಿಗಳನ್ನು ಅವುಗಳ ಹಾಳೆಗೆ ಹಚ್ಚಿಕೊಡುತ್ತೇನೆ, ಮೈದಾ ಅಂಟಿನಲ್ಲಿ, ಬೇಡವೆನಿಸಿದರೆ ಬಿಚ್ಚಲು ಬರುವಂತೆ.

ಬೈಯಬೇಕೆನಿಸಿದರೆ ಅದನ್ನೂ ಬರೆಯಿರಿ. ಕಾಕುವಿಗೆ ಓದಿ ಹೇಳುತ್ತೇನೆ. ಮೂಲೆಯ ಮನೆಯಲ್ಲಿ ಅದಕ್ಕಾಗಿ ಬಹಳ ವರ್ಷ ಕಾದಿದ್ದಾರೆ.