ಅರಾದಿನ ಹಾಸ್ಟೆಲಿನ ಮೂಲೆ ಕೋಣೆ

ನಿನ್ನೆ ಲಿಫ್ಟಿನಲ್ಲಿ ಬಖೂರ್ ಧೂಪದ ವಾಸನೆ ಉಳಿದಿತ್ತು. ಯಾರೋ ಬಟ್ಟೆಗೆ ಹೊಗೆ ಹಿಡಿಸಿಕೊಂಡು ಇಳಿದು ಹೋಗಿರಬೇಕು. ನಮ್ಮ ಮಹಡಿ ಬಂದರೂ ನಾನು ಇಳಿಯಲಿಲ್ಲ... ಬಾಗಿಲು ಮುಚ್ಚಿಕೊಂಡು ಲಿಫ್ಟು ಮತ್ತೆ ಕೆಳಗೆ ಹೋಯಿತು.

ಮಕ್ಕಳೇ, ಎದುರಿಗೆ ಈಗ ಬಾಡಿಗೆ ಫ್ಲ್ಯಾಟುಗಳಿವೆಯಲ್ಲ, ಅದು ಮೊದಲು ಹೊರದೇಶಗಳಿಂದ ಓದಲು ಬಂದ ಹುಡುಗಿಯರ ಹಾಸ್ಟೆಲ್ ಆಗಿತ್ತು. ಫಿಲಿಪೀನ್ಸಿನವರು, ಯೆಮೆನಿನವರು, ಕೇರಳದವರು, ಎಲ್ಲರಿಗೂ ಒಂದೇ ಅಡುಗೆಮನೆ. ಹಾಸ್ಟೆಲನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಕಡೆಯ ಕ್ರಿಶ್ಚಿಯನ್ ಹೆಂಗಸು. ಊರಿನ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಗಲ್ಫಿನ ಈ ಅರಾದಿಗೆ ಹೊಸತಾಗಿ ಬಂದಾಗ ನಾನು ಯಾರೊಡನೆಯೂ ಮಾತಾಡದೆ ಮನೆಯೊಳಗೇ ಇರುತ್ತಿದ್ದೆ. ತುಳುವಿನಲ್ಲಿ ಗದರಿ ಹೊರಗೆ ಕರೆದವರು ಅವರೇ.

ಮೂಲೆ ಕೋಣೆಯ ಯೆಮೆನ್ ಹುಡುಗಿ ಗುರುವಾರ ಸಂಜೆ ಬಖೂರ್ ಹಚ್ಚಿ, ಹೊಗೆಯಾಡುವ ಬಟ್ಟಲು ಹಿಡಿದು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದಳು. ಒಂದು ರಜೆಯಲ್ಲಿ ಊರಿಗೆ ಹೋದಳು. ಅಲ್ಲಿ ಯುದ್ಧ ಶುರುವಾಯಿತು. ವಿಮಾನ ನಿಂತಿತು, ಆಮೇಲೆ ಅವಳ ಫೋನೂ ನಿಂತಿತು...

ಬಾಯಮ್ಮ ಆ ಕೋಣೆಯನ್ನು ಬೇರೆ ಯಾರಿಗೂ ಕೊಡಲಿಲ್ಲ. ಯಾರೂ ಮಲಗದ ಹಾಸಿಗೆಗೆ ಒಗೆದ ಚಾದರ ಹಾಸುತ್ತಿದ್ದರು. ಗುರುವಾರ ಬಂದರೆ ತಾವೇ ಬಖೂರ್ ಹಚ್ಚುತ್ತಿದ್ದರು. ಮುಚ್ಚಿದ ಬಾಗಿಲಿನ ಅಡಿಯಿಂದ ಹೊಗೆ ಬರುವುದನ್ನು ಕಂಡು ಹೊಸ ಹುಡುಗಿಯರು ಆ ಕಡೆ ಸುಳಿಯಲು ಹೆದರುತ್ತಿದ್ದರು.

"ಮೇಡಂ, ನಿಮ್ಮ ದೆವ್ವಕ್ಕೆ ಚಾ ಆಯಿತಾ?" ಎಂದು ಒಬ್ಬಳು ಕೀಟಲೆ ಮಾಡಿದಳು.

"ಅದಕ್ಕೆ ಚಾ ಬೇಡ. ಪಾತ್ರೆ ತೊಳೆಯದೆ ಓಡುವವರನ್ನು ಹಿಡಿದು ತಿನ್ನುತ್ತದೆ," ಎಂದರು ಬಾಯಮ್ಮ.

ಎಲ್ಲರೂ ನಕ್ಕರು. ಅಷ್ಟರಲ್ಲಿ ಹತ್ತಿರದ ಏರ್‌ಪೋರ್ಟಿಗೆ ವಿಮಾನವೊಂದು ಇಳಿಯುವ ಸದ್ದಾಯಿತು. ಬಾಯಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದರು. ಆಮೇಲೆ ಯಾರೂ ನಗಲಿಲ್ಲ.

ಮಾಲೀಕರು ಹಾಸ್ಟೆಲ್ ಮುಚ್ಚಿ ಫ್ಲ್ಯಾಟ್ ಮಾಡಲು ಹೊರಟಾಗ ಬಾಯಮ್ಮ ಆ ಒಂದು ಕೋಣೆಗಾಗಿ ಅಂಗಲಾಚಿದರು. ಆಗಲಿಲ್ಲ. ಕೆಲಸದ ಜೊತೆಗೆ ಅವರ ವೀಸಾವೂ ಮುಗಿಯಿತು. ಊರಿಗೆ ಹೊರಡುವ ದಿನ ಗೇಟಿನ ಬಳಿ ನನ್ನ ಕೈ ಹಿಡಿದುಕೊಂಡರು.

"ಅವಳು ಬಂದರೆ ಈ ಗೇಟಿಗೇ ಬರುವುದು ಮಗಾ. ಬೇರೆ ಎಲ್ಲಿಗೆ ಹೋಗ್ತಾಳೆ? ನೀನು ನೋಡ್ತಾ ಇರು, ಆಯ್ತಾ?"

"ಆಯ್ತು ಬಾಯಮ್ಮ," ಎಂದೆ.

ಬಾಯಮ್ಮ ಊರಲ್ಲಿ ತೀರಿಕೊಂಡ ಸುದ್ದಿ ಬಂತು. ನಿಮ್ಮ ಅಜ್ಜನೂ ಹೋದರು. ಆ ಹುಡುಗಿಯ ಸುದ್ದಿ ಮಾತ್ರ ಇವತ್ತಿಗೂ ಇಲ್ಲ. ಎದುರಿಗೆ ಟ್ಯಾಕ್ಸಿ ನಿಂತರೆ, ಇಳಿಯುವವರ ಮುಖ ಕಾಣುವವರೆಗೆ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ. ಒಂದೊಂದು ಸಲ ಮುಖ ಕಂಡ ಮೇಲೂ...

ದೊಡ್ಡ ಮನೆಗೆ ಹೋಗೋಣವೆಂದು ನಿಮ್ಮಪ್ಪ ಹೇಳಿದಾಗಲೆಲ್ಲ ಅಜ್ಜಿ ಒಪ್ಪುವುದಿಲ್ಲ ಎಂದು ನಿಮಗೆ ಸಿಟ್ಟು. ಬಾಯಿಬಿಟ್ಟು ಹೇಳಲು ಬಾರದೆ ಇದನ್ನು ಬರೆದಿದ್ದೇನೆ. ಅವಳು ಬರಲಿಕ್ಕಿಲ್ಲ ಎಂದು ನನಗೂ ಗೊತ್ತು ಮಕ್ಕಳೇ. ಆದರೆ ಬಂದರೆ, ಈ ಬೀದಿಯಲ್ಲಿ ಅವಳ ಗುರುತು ಹಿಡಿಯುವವಳು ನಾನೊಬ್ಬಳೇ ಉಳಿದಿದ್ದೇನೆ.